ಕೆಚ್ಚಲಿಗೆ ಬರುವ ಸಂದೇಶ, ಬಿ.ಪಿ. ಏರಿಸುವ ಸಂದೇಶ

ಉತ್ಪಾದಕ ಸಹೋದರಿಯರೇ,

ಕರು ಬಿಟ್ಟಾಗ, ಕೆಚ್ಚಲು ತೊಳೆದಾಗ ಆಕಳು ತೊರೆ ಬಿಡುವುದನ್ನು ನೀವು ದಿನಕ್ಕೆ ಎರಡು ಸಲ ನೋಡುತ್ತೀರಿ. ಆಗ ಮಿದುಳಿನ ಬುಡದ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತದಲ್ಲಿ ಹರಿದು ಕೆಚ್ಚಲಿಗೆ ಬರುತ್ತದೆ. ಹಾಲು ತುಂಬಿದ ಸಣ್ಣ ಚೀಲಗಳನ್ನು ಸುತ್ತಿಕೊಂಡ ಜೀವಕೋಶಗಳ ಮೇಲೆ ಅದಕ್ಕೆಂದೇ ಒಂದು ಕೀಲಿ ಇರುತ್ತದೆ. ಹಾರ್ಮೋನು ಕೀಲಿಕೈಯಂತೆ ಅದರಲ್ಲಿ ಕೂತೊಡನೆ ಕೋಶದೊಳಗೆ ಕ್ಯಾಲ್ಸಿಯಂ ಹೆಚ್ಚುತ್ತದೆ, ಕೋಶ ಬಿಗಿಯುತ್ತದೆ, ಹಾಲು ಇಳಿಯುತ್ತದೆ.

ನಮ್ಮ ರಕ್ತನಾಳದ ಗೋಡೆಯಲ್ಲೂ ಬಹುಪಾಲು ಇದೇ ಏರ್ಪಾಡು. ಅಲ್ಲಿನ ಕೀಲಿಕೈಯ ಹೆಸರು ಆಂಜಿಯೋಟೆನ್ಸಿನ್. ರಕ್ತ ಸಾಲದಾದಾಗ ಮೂತ್ರಪಿಂಡ ರೆನಿನ್ ಬಿಟ್ಟು ಇದು ತಯಾರಾಗುವಂತೆ ಮಾಡುತ್ತದೆ. ನಾಳದ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಹೆಚ್ಚಿ ನಾಳ ಕಿರಿದಾಗುತ್ತದೆ. ದೇಹ ಉಪ್ಪು, ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಗಾಯವಾಗಿ ರಕ್ತ ಹೋದಾಗ ಜೀವ ಉಳಿಸುವುದು ಇದೇ. ಆದರೆ ಬೇಡದಾಗಲೂ ಈ ಸಂದೇಶ ವರ್ಷಗಟ್ಟಲೆ ಬರುತ್ತಿದ್ದರೆ ಬಿ.ಪಿ. ಏರಿಯೇ ಇರುತ್ತದೆ, ನಾಳದ ಗೋಡೆ ದಪ್ಪವಾಗುತ್ತದೆ. ನೋವು ಮಾತ್ರ ಇರುವುದಿಲ್ಲ.

ಟೆಲ್ಮಿಸಾರ್ಟನ್ ಗುಳಿಗೆ ಆ ಕೀಲಿಯಲ್ಲಿ ತಾನೇ ಕೂತು ಆಂಜಿಯೋಟೆನ್ಸಿನ್‌ಗೆ ಜಾಗ ಕೊಡುವುದಿಲ್ಲ. ಅಮ್ಲೋಡಿಪಿನ್ ಗುಳಿಗೆ ಕ್ಯಾಲ್ಸಿಯಂ ಕೋಶದೊಳಗೆ ಬರುವ ಬಾಗಿಲನ್ನು ತಡೆಯುತ್ತದೆ. ದೇಹ ಕೀಲಿಕೈ ಮಾಡುವುದನ್ನು ನಿಲ್ಲಿಸುವುದಿಲ್ಲವಲ್ಲ, ಅದಕ್ಕೇ ಗುಳಿಗೆ ದಿನಾಲೂ ಬೇಕು. "ಈಗ ಆರಾಮಿದ್ದೇನೆ" ಎಂದು ನೀವೇ ಬಿಡಬೇಡಿ. ಟೆಲ್ಮಿಸಾರ್ಟನ್ ನುಂಗುವವರು ಗರ್ಭಿಣಿಯಾದರೆ ತಡಮಾಡದೆ ವೈದ್ಯರಿಗೆ ಹೇಳಬೇಕು; ಅದು ಹೊಟ್ಟೆಯಲ್ಲಿನ ಕೂಸಿಗೆ ಅಪಾಯ.

ಕ್ಯಾಲ್ಸಿಯಂ ಎಂದ ಕೂಡಲೇ ಹಾಲು ಬಿಡಬೇಕೇ ಎನ್ನಬೇಡಿ. ರಕ್ತದ ಕ್ಯಾಲ್ಸಿಯಂ ಅನ್ನು ದೇಹವೇ ಒಂದು ಮಟ್ಟದಲ್ಲಿ ಇಟ್ಟುಕೊಳ್ಳುತ್ತದೆ. ಕುಡಿದ ಹಾಲು ನಾಳವನ್ನು ಬಿಗಿಯುವುದಿಲ್ಲ. ಬ್ಯಾಡಗಿ ಮೆಣಸಿನಕಾಯಿಯನ್ನೂ ಸುಮ್ಮನೆ ದೂರುತ್ತಾರೆ. ನೋಡಬೇಕಾದದ್ದು ಉಪ್ಪಿನಕಾಯಿ, ಹಪ್ಪಳ, ಮಜ್ಜಿಗೆ ಮೆಣಸಿನಕಾಯಿಯಲ್ಲಿನ ಉಪ್ಪು. ಒಬ್ಬರಿಗೆ ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಚಹಾ ಚಮಚದೊಳಗೆ ಇರಬೇಕು.

ನಾಯಿ ಬೊಗಳಿದರೆ ಆಕಳು ಹಾಲು ತಡೆಹಿಡಿಯುತ್ತದೆ. ಅದು ಅಡ್ರಿನಲಿನ್ ಕೆಲಸ. ನಮ್ಮ ಬಿ.ಪಿ.ಯನ್ನೂ ಅದು ಗಳಿಗೆಯಲ್ಲಿ ಏರಿಸುತ್ತದೆ. ಆದ್ದರಿಂದ ಹಾಲಿನ ಕ್ಯಾನು ಹೊತ್ತು ಬಂದ ಕೂಡಲೇ ಅಳತೆ ಬೇಡ. 5 ನಿಮಿಷ ಬೆನ್ನು ಆನಿಸಿ, ಮಾತಾಡದೆ ಕುಳಿತು ತೋರಿಸಿ. ಬೇರೆ ಬೇರೆ ದಿನ ನೋಡಿದಾಗಲೂ ಮೇಲಿನ ಅಂಕಿ 140 ಅಥವಾ ಕೆಳಗಿನದು 90 ಮುಟ್ಟಿದರೆ ಊರಿನ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಇಲ್ಲವೇ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸರ್ಕಾರಿ ಆಸ್ಪತ್ರೆಗೆ ಹೋಗಿ.