ಬಿಸಿಲಿನಿಂದಲೇ ತಂಪು: ಕಾಯಿಪಲ್ಲೆಗೊಂದು ಇಟ್ಟಂಗಿಯ ಹರವಿ

ವೈಶಾಖದ ಬಿಸಿಲಿನಲ್ಲಿ ಜತ್ತ, ಅಕ್ಕಲಕೋಟೆಗಳ ಕಡೆಯ ಒಕ್ಕಲುಗರ ಗೋಳು ಎಲ್ಲರೂ ಬಲ್ಲದ್ದೇ. ಸಂಜೆ ಕಿತ್ತ ಮೆಂತ್ಯೆಪಲ್ಲೆ ಮರುದಿನ ಸಂತೆ ಮುಟ್ಟುವಷ್ಟರಲ್ಲಿ ಬಾಡುತ್ತದೆ. ಬಾಡಿದ ಮಾಲಿಗೆ ಕೊಳ್ಳುವವನು ಹೇಳಿದ್ದೇ ದರ. ಎರಡು ತಿಂಗಳ ದುಡಿಮೆ ಒಂದು ರಾತ್ರಿಯಲ್ಲಿ ಅರ್ಧವಾಗುತ್ತದೆ. ಇದಕ್ಕೆ ಉಪಾಯ ನಮ್ಮ ಮನೆಯ ಹರವಿಯಲ್ಲಿಯೇ ಇದೆ.

ಹರವಿಯ ನೀರು ತಂಪಾಗುವುದೇಕೆ? ಶಾಲೆಯಲ್ಲಿ ನಾವು ಮಕ್ಕಳ ಅಂಗೈಗೆ ನೀರು ಸವರಿ ಊದಲು ಹೇಳುತ್ತೇವೆ. ಕೂಡಲೆ ಕೈ ತಣ್ಣಗಾಗುತ್ತದೆ. ನೀರು ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಅದು ಕೈಯಿಂದಲೇ ಎಳೆದುಕೊಳ್ಳುತ್ತದೆ. ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 70 ಕಿಲೊಕ್ಯಾಲೊರಿ ಶಾಖ ಸಾಕು. ಅದೇ ನೀರು ಕುದಿಯದೆ ಸುಮ್ಮನೆ ಆರಿ ಹೋಗಬೇಕಾದರೆ ಸುಮಾರು 580 ಕಿಲೊಕ್ಯಾಲೊರಿ, ಅಂದರೆ ಎಂಟು ಪಟ್ಟು ಬೇಕು. ಹರವಿಯ ಸಣ್ಣ ರಂಧ್ರಗಳಿಂದ ಒಸರುವ ನೀರು ಈ ಶಾಖವನ್ನು ಒಳಗಿನ ನೀರಿನಿಂದಲೂ ಎಳೆಯುತ್ತದೆ. ತಾಮ್ರದ ಕೊಡ ಒಸರುವುದಿಲ್ಲ. ಆದ್ದರಿಂದ ತಂಪೂ ಇಲ್ಲ. ಗಾಳಿ ಒಣಗಿದಷ್ಟೂ ಆವಿ ಹೆಚ್ಚು. ನಮ್ಮನ್ನು ಸುಡುವ ಒಣಗಾಳಿಯೇ ಇಲ್ಲಿ ನಮ್ಮ ಕೆಲಸದ ಆಳು.

ದೆಹಲಿಯ ಪೂಸಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯವರು 1980ರ ದಶಕದಲ್ಲಿ ಇದೇ ತತ್ತ್ವದ ಮೇಲೆ ಇಟ್ಟಂಗಿಯ ತಂಪುಕೋಣೆಯನ್ನು ರೂಪಿಸಿದರು. ಇದಕ್ಕೆ ವಿದ್ಯುತ್ತು ಬೇಡ. ಕಟ್ಟುವ ಕ್ರಮ ಹೀಗಿದೆ:

1. ನೆರಳಿದ್ದು ಗಾಳಿಯಾಡುವ ಜಾಗದಲ್ಲಿ ಸುಮಾರು 5½ ಅಡಿ ಉದ್ದ, 3¾ ಅಡಿ ಅಗಲಕ್ಕೆ ಇಟ್ಟಂಗಿ ಹಾಸಬೇಕು.

2. ಅದರ ಸುತ್ತ 2¼ ಅಡಿ ಎತ್ತರದ ಜೋಡಿ ಗೋಡೆ ಕಟ್ಟಬೇಕು. ಎರಡು ಗೋಡೆಗಳ ನಡುವೆ 3 ಅಂಗುಲ ಸಂದು ಇರಲಿ. ಸಿಮೆಂಟಿನ ಗಿಲಾವು ಮಾಡಬಾರದು. ಅದು ಇಟ್ಟಂಗಿಯ ರಂಧ್ರಗಳನ್ನು ಮುಚ್ಚುತ್ತದೆ.

3. ಸಂದಿನಲ್ಲಿ ತೊಳೆದ ಹಳ್ಳದ ಉಸುಕು ತುಂಬಿ, ಎಲ್ಲವನ್ನೂ ನೀರಿನಿಂದ ಚೆನ್ನಾಗಿ ನೆನೆಸಬೇಕು.

4. ಬಿದಿರಿನ ಚೌಕಟ್ಟಿಗೆ ಹುಲ್ಲು ಇಲ್ಲವೆ ಗೋಣಿತಟ್ಟು ಕಟ್ಟಿ ಮುಚ್ಚಳ ಮಾಡಿ, ಅದನ್ನೂ ತೋಯಿಸಬೇಕು.

5. ಮುಂಜಾನೆ, ಸಂಜೆ ನೀರು ಚಿಮುಕಿಸಬೇಕು.

ಸುಮಾರು ಒಂದು ಕ್ವಿಂಟಲ್ ಕಾಯಿಪಲ್ಲೆ ಇದರಲ್ಲಿ ಹಿಡಿಯುತ್ತದೆ. ಕಡು ಬೇಸಗೆಯಲ್ಲಿ ಒಳಗೆ ಹೊರಗಿಗಿಂತ 10ರಿಂದ 15 ಡಿಗ್ರಿ ಕಡಿಮೆ ಇರುತ್ತದೆ. ಒಳಗಿನ ಗಾಳಿ ತೇವವಾಗಿರುವುದರಿಂದ ಸೊಪ್ಪಿನ ತೂಕವೂ ಇಳಿಯುವುದಿಲ್ಲ.

ನಮ್ಮ ತಪ್ಪೊಂದನ್ನು ಹೇಳಿಬಿಡುತ್ತೇವೆ. ಮೊದಲ ವರ್ಷ ಆಸೆಪಟ್ಟು ಉಳ್ಳಾಗಡ್ಡಿಯನ್ನೂ ಅದರೊಳಗೆ ಇಟ್ಟೆವು. ಕೆಲವು ಮೊಳಕೆ ಒಡೆದವು, ಕೆಲವು ಕೊಳೆತವು. ಉಳ್ಳಾಗಡ್ಡಿ, ಬಳ್ಳೊಳ್ಳಿಗಳಿಗೆ ಬೇಕಾದದ್ದು ಒಣಗಾಳಿ. ಅವಕ್ಕೆ ಈ ಕೋಣೆ ಸಲ್ಲದು. ಸೊಪ್ಪು, ಟೊಮೆಟೊ, ಬದನೆ, ಹಸಿಮೆಣಸಿನಕಾಯಿ, ವೀಳ್ಯದೆಲೆಗಳಿಗೆ ಇದು ಒಳ್ಳೆಯದು. ಮಳೆಗಾಲದಲ್ಲಿ ಇದರ ಗುಣ ಕಡಿಮೆ. ಕಾಸರಗೋಡಿನಂಥ ಕಡಲಸೀಮೆಯ ಬಂಧುಗಳಿಗೂ ಇಷ್ಟು ತಂಪು ಸಿಗಲಾರದು. ಅಲ್ಲಿಯ ಗಾಳಿಯಲ್ಲಿ ಮೊದಲೇ ತೇವವಿರುತ್ತದೆ.

ನೀರಿನ ಬರವಿದ್ದಲ್ಲಿ ಕಾಯಿಪಲ್ಲೆ ತೊಳೆದ ನೀರನ್ನೇ ಅರಿವೆಯಲ್ಲಿ ಸೋಸಿ ಬಳಸಬಹುದು. ಉಪ್ಪುನೀರು ಮಾತ್ರ ಬೇಡ. ಉಪ್ಪು ಕಟ್ಟಿ ರಂಧ್ರ ಮುಚ್ಚುತ್ತದೆ.

ಬೆಂಕಿಯಿಂದಲೂ ತಂಪು ಹುಟ್ಟಿಸಬಹುದೆಂದರೆ ವಾಚಕರಿಗೆ ಸೋಜಿಗವಾದೀತು. ವಿದ್ಯುತ್ತಿಲ್ಲದ ಊರುಗಳ ದವಾಖಾನೆಗಳಲ್ಲಿ ಲಸಿಕೆ ಕಾಯಲು ಸೀಮೆಎಣ್ಣೆಯ ಶೀತಪೆಟ್ಟಿಗೆಗಳನ್ನು ಬಳಸಿದ್ದುಂಟು. ದೀಪದ ಶಾಖವು ನೀರಿನಲ್ಲಿ ಬೆರೆತ ಅಮೋನಿಯವನ್ನು ಹೊರಡಿಸುತ್ತದೆ. ಅದು ಕೊಳವೆಯಲ್ಲಿ ಆರಿ ದ್ರವವಾಗುತ್ತದೆ. ಆ ದ್ರವ ಮತ್ತೆ ಆವಿಯಾಗುವಾಗ ಪೆಟ್ಟಿಗೆಯ ಒಳಗಿನ ಶಾಖವನ್ನು ಹೀರುತ್ತದೆ. ಬಳಿಕ ನೀರಿನಲ್ಲಿ ಕರಗಿ ದೀಪದ ಬಳಿಗೆ ಮರಳುತ್ತದೆ. ಯಂತ್ರ ಬೇರೆ, ತತ್ತ್ವ ಹರವಿಯದೇ.

ಮುಂದಿನ ಬೇಸಗೆಗೆ ಮುಂಚೆ ನಾಲ್ಕು ಮನೆಯವರು ಕೂಡಿ ಇಂಥದೊಂದನ್ನು ಕಟ್ಟಿ ನೋಡಿರಿ. ಒಂದು ರಾತ್ರಿ ಕಾಯಬಲ್ಲ ಮಾಲಿದ್ದವನು ದರ ಕೇಳಬಲ್ಲನು.