ಎರೆಭೂತವೂ ಅದರ ಬಳಗವೂ

ಧಾರವಾಡ, ಬಳ್ಳಾರಿ ಸೀಮೆಗಳಲ್ಲಿ ಬೆಳೆದ ನಮ್ಮ ಹಳೆಯ ವಿದ್ಯಾರ್ಥಿನಿಯರು ಎರೆಭೂತವೆಂಬ ಹೆಸರನ್ನು ಹಿರಿಯರಿಂದ ಕೇಳಿರಬಹುದು. ಎರೆಯೆಂದರೆ ಕಪ್ಪು ಮಣ್ಣು. ಆ ಬಯಲಲ್ಲಿ ಸುಮಾರು ಒಂದು ಮೀಟರು ಎತ್ತರವಾಗಿ, ಬಿಳಿಯ ಕೊರಳನ್ನೆತ್ತಿ ನಡೆಯುವ ಈ ಹಕ್ಕಿಯನ್ನು ನಮ್ಮ ಜನರು ಭೂತವೆಂದು ಕರೆದರು. ಮಿಡತೆ, ಜೀರುಂಡೆ, ಕಾಳುಗಳನ್ನು ತಿನ್ನುವ ಇಷ್ಟು ಸಾಧುವಾದ ಭೂತವು ಬೇರೊಂದಿರಲಾರದು!

ಪಕ್ಷಿಶಾಸ್ತ್ರದಲ್ಲಿ ಇದು ಆರ್ಡಿಯೋಟಿಸ್ ಎಂಬ ಕುಲಕ್ಕೆ ಸೇರಿದೆ. ಈ ಕುಲದಲ್ಲಿ ನಾಲ್ಕೇ ಜಾತಿಗಳುಂಟು. ನಮ್ಮದನ್ನು ಬಿಟ್ಟರೆ, ಒಂದು ಆಸ್ಟ್ರೇಲಿಯದಲ್ಲಿಯೂ ನ್ಯೂಗಿನಿಯ ದಕ್ಷಿಣ ಭಾಗದಲ್ಲಿಯೂ ಇರುವದು. ಅರಬಿ ಜಾತಿಯು ಹೆಸರಿಗೆ ಅರಬಿಯಾದರೂ ಹೆಚ್ಚಾಗಿ ಸಹಾರಾ ಮರುಭೂಮಿಯ ದಕ್ಷಿಣದ ಒಣಸೀಮೆಯಲ್ಲಿರುವದು. ನಾಲ್ಕನೆಯದಾದ ಕೋರಿಯು ಪೂರ್ವ ಮತ್ತು ದಕ್ಷಿಣ ಆಫ್ರಿಕಗಳ ನಿವಾಸಿ. ಕೋರಿಯು ಹುಲ್ಲಿನಲ್ಲಿ ನಡೆಯುವಾಗ ಜೇನುಹಿಡುಕ ಹಕ್ಕಿಗಳು ಅದರ ಬೆನ್ನನ್ನೇರಿ, ಎದ್ದು ಹಾರುವ ಹುಳಗಳನ್ನು ಹಿಡಿಯುತ್ತವೆ.

ಚಿತ್ರವನ್ನು ಕಂಡ ಬಾಲಕಿಯರು ಉಷ್ಟ್ರಪಕ್ಷಿಯೆಂದು ಕೂಗುವದುಂಟು. ಆದರೆ ಉಷ್ಟ್ರಪಕ್ಷಿಯು ಹಾರದು. ಇವು ಹಾರುವ ಹಕ್ಕಿಗಳಲ್ಲೆಲ್ಲ ಅತಿಭಾರವಾದವುಗಳ ಸಾಲಿಗೆ ಸೇರಿವೆ. ಕಾಲಿಗೆ ಹಿಂಬೆರಳಿಲ್ಲ, ಆದಕಾರಣ ಕೊಂಬೆಯನ್ನು ಹಿಡಿದು ಕೂಡ್ರಲಾರವು. ನೆಲವೇ ಅವುಗಳ ಮನೆ. ಗಂಡು ಕೊರಳಿನ ಚೀಲವನ್ನು ಉಬ್ಬಿಸಿ, ದೂರದ ವರೆಗೆ ಕೇಳುವ ಮಂದ್ರಧ್ವನಿಯಿಂದ ಹೆಣ್ಣನ್ನು ಕರೆಯುವದು. ಅಲ್ಲಿಗೆ ಅದರ ಸಂಸಾರಭಾರವು ತೀರಿತು! ಎರೆಭೂತದ ಹೆಣ್ಣು ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನಿಟ್ಟು, ಸುಮಾರು ನಾಲ್ಕು ವಾರ ಒಂಟಿಯಾಗಿ ಕಾವು ಕೊಡುವದು. ನಾಯಿ ಬಂದರೂ ದನ ತುಳಿದರೂ ಆ ವರ್ಷದ ಸಂತಾನವು ಹೋದಂತೆಯೇ.

ಕಣ್ಣುಗಳ ಸಂಗತಿಯನ್ನು ಗಮನಿಸಬೇಕು. ಅವು ತಲೆಯ ಎರಡು ಪಕ್ಕಗಳಲ್ಲಿದ್ದು, ಬಯಲಿನ ಶತ್ರುಗಳನ್ನು ಸುತ್ತಲೂ ಕಾಣುವದಕ್ಕೆ ಅನುಕೂಲವಾಗಿವೆ. ಆದರೆ ಹಾರುತ್ತ ತಲೆ ತಗ್ಗಿಸಿದರೆ ಎದುರಿನ ದಾರಿಯೇ ಕಾಣದೆಂದು ಕೋರಿಯನ್ನು ಪರೀಕ್ಷಿಸಿದ ಶಾಸ್ತ್ರಜ್ಞರು 2010ರಲ್ಲಿ ತಿಳಿಸಿದರು. ಬಯಲಿನಲ್ಲಿ ತಂತಿಗಳಿಲ್ಲದಷ್ಟು ಕಾಲ ಇದರಿಂದ ಕೇಡಿರಲಿಲ್ಲ. ಈಗ ವಿದ್ಯುತ್ತಂತಿಗೆ ಬಡಿದು ಎರೆಭೂತಗಳು ಸಾಯುತ್ತಿವೆ. ಅಷ್ಟು ಭಾರದ ದೇಹವನ್ನು ತಟ್ಟನೆ ತಿರುಗಿಸಲಾಗದು. 2011ರಲ್ಲಿ ಇದನ್ನು ಅಳಿವಿನ ಅಂಚಿನ ಪಕ್ಷಿಗಳ ಪಟ್ಟಿಗೆ ಸೇರಿಸಿದರು.

ಹುಲ್ಲುಗಾವಲನ್ನು ಬಂಜರೆಂದು ಎಣಿಸುವದು ನಮ್ಮ ಹಳೆಯ ರೂಢಿ. ರಾಣಿಬೆನ್ನೂರಿನ ಬಯಲಲ್ಲಿ ನೀಲಗಿರಿ ಮರಗಳನ್ನು ಬೆಳೆಸಿದರು. ಮರಗಳಿಂದ ಮುಚ್ಚಿದ ಬಯಲು ಎರೆಭೂತಕ್ಕೆ ಬಯಲಲ್ಲ. 1974ರಲ್ಲಿ ಅದನ್ನು ಅಭಯಾರಣ್ಯವಾಗಿ ಸಾರಿದರಾದರೂ ಅದರಲ್ಲಿ ಬಹುಭಾಗವು ಆ ಮರಗಳದೇ. ಈಗ ಉಳಿದಿರುವ ಹಕ್ಕಿಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿವೆ. ಅಲ್ಲಿಯ ಜೈಸಲ್ಮೇರ್ ಜಿಲ್ಲೆಯಲ್ಲಿ 2019ರಿಂದ ಕಾಡಿನ ಮೊಟ್ಟೆಗಳನ್ನು ತಂದು, ಯಂತ್ರದಲ್ಲಿ ಕಾವು ಕೊಟ್ಟು, ಮರಿಗಳನ್ನು ಕೈಯಿಂದ ಸಾಕುತ್ತಿದ್ದಾರೆ. ನಮ್ಮ ನಾಡಿನಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳೇ ಇವುಗಳ ಕೊನೆಯ ಆಸರೆಯಾಗಿ ಉಳಿದಿವೆ.