ಹಳಹಳಿಕೆಯಿಂದ ಕಲಿಕೆಗೆ: ಹಿರಿಯರ ಆಟಗಳು ಮತ್ತು ರೇಡಿಯೊ

(ಭಾಷಾ ಪಾಠ, 6ರಿಂದ 8ನೆಯ ತರಗತಿಗಳಿಗೆ, ಮೂರು ಅವಧಿಗಳು)

ಪೀಠಿಕೆ

ಬಣ್ಣಾರಿಯಿಂದ 27 ತಿರುವುಗಳ ದಿಂಬಂ ಘಟ್ಟವನ್ನೇರಿ ಮುಂದೆ ಸಾಗಿದರೆ ತಾಳವಾಡಿ ಸೀಮೆ ದೊರೆಯುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಅಂದಿನ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿಯು ಮದರಾಸು ರಾಜ್ಯದಲ್ಲಿಯೇ ಉಳಿಯಿತು. ಆದರೂ ಇಲ್ಲಿನ ಬಹುಪಾಲು ಮನೆಗಳ ಮಾತು ಇಂದಿಗೂ ಕನ್ನಡವೇ.

ಇಲ್ಲಿನ ತರಗತಿಯಲ್ಲಿ ‘ಅಂದಿನ ಆಟಗಳು, ಇಂದಿನ ಆಟಗಳು’ ಎಂಬ ಪ್ರಬಂಧವನ್ನು ಬರೆಯಿಸಿದರೆ ಎಲ್ಲ ಪುಸ್ತಕಗಳಲ್ಲಿಯೂ ಒಂದೇ ವಾಕ್ಯ ಕಾಣುತ್ತದೆ: ಹಿಂದಿನ ಮಕ್ಕಳು ಬಯಲಿನಲ್ಲಿ ಆಡುತ್ತಿದ್ದರು, ಇಂದಿನವರು ಮೊಬೈಲಿನಲ್ಲಿ ಮುಳುಗಿದ್ದಾರೆ. ಇದು ಮಗುವಿನ ಅನುಭವವಲ್ಲ. ಹಿರಿಯರಿಂದ ಎರವಲು ಪಡೆದ ಹಳಹಳಿಕೆ. ಇಂತಹ ಹಂಬಲವನ್ನು ಒಂದು ಕಾಲದಲ್ಲಿ ರೋಗವೆಂದೇ ಬಗೆದಿದ್ದರು. ಇಂಗ್ಲಿಷಿನಲ್ಲಿ ಇಂದು ಬಳಕೆಯಲ್ಲಿರುವ ‘ನಾಸ್ಟಾಲ್ಜಿಯಾ’ ಎಂಬ ಪದವನ್ನು 1688ರಲ್ಲಿ ಸ್ವಿಟ್ಜರ್‌ಲೆಂಡಿನ ವೈದ್ಯ ಯೊಹಾನೆಸ್ ಹೋಫರ್ ಊರು ಬಿಟ್ಟವರ ಕೊರಗಿಗೆ ಹೆಸರಾಗಿ ರೂಪಿಸಿದನು. ಶಿಕ್ಷಕರಿಗೆ ಬೇಕಾದುದು ಕೊರಗಲ್ಲ, ಅದರೊಳಗಿರುವ ಪದಸಂಪತ್ತು. ಆಟವೊಂದು ನಿಂತಾಗ ಅದರೊಡನೆ ಬದುಕಿದ್ದ ಮಾತುಗಳೂ ನಿಲ್ಲುತ್ತವೆ. ಶಾಲೆಯ ಹೊರಗೆ ಕನ್ನಡದ ಬರಹ ವಿರಳವಾಗಿರುವ ಗಡಿನಾಡಿನಲ್ಲಿ ಆ ನಷ್ಟವನ್ನು ತುಂಬುವುದು ಕಷ್ಟ.

ಉದ್ದೇಶಗಳು

1. ಹಿರಿಯರಿಂದ ಆಟದ ಪದಗಳನ್ನು ಕೇಳಿ ಸಂಗ್ರಹಿಸುವುದು.
2. ಆಟದ ನಿಯಮಗಳನ್ನು ಸ್ಪಷ್ಟವಾಗಿ, ಕ್ರಮವಾಗಿ ಬರೆಯುವುದು.
3. ಕನ್ನಡ ಮತ್ತು ತಮಿಳು ಪದಗಳ ಸಂಬಂಧವನ್ನು ಗುರುತಿಸುವುದು.

ವಿಷಯ ವಿವರಣೆ

ಚೌಕಾಬಾರ: ನೆಲದ ಮೇಲೆ ಸೀಮೆಸುಣ್ಣದಿಂದ ಐದು ಸಾಲುಗಳಲ್ಲಿ 25 ಮನೆಗಳನ್ನು ಬರೆದರೆ ಆಟದ ಹಾಸು ಸಿದ್ಧ. ನಾಲ್ಕು ಕವಡೆಗಳನ್ನು ಎಸೆದು, ಬಾಯಿ ಮೇಲಾಗಿ ಬಿದ್ದವುಗಳನ್ನು ಎಣಿಸಿ ಕಾಯಿ ನಡೆಸಬೇಕು. ನಾಲ್ಕೂ ಮೇಲಾದರೆ ನಾಲ್ಕು ಮನೆ. ನಾಲ್ಕೂ ಕವುಚಿ ಬಿದ್ದರೆ ಎಂಟು ಮನೆ. ಎದುರಾಳಿಯ ಕಾಯನ್ನು ‘ಕಡಿಯುವುದು’, ಕಟ್ಟೆಯಲ್ಲಿ ಉಳಿಯುವುದು, ನಡುಮನೆ ಸೇರಿದಾಗ ಕಾಯಿ ‘ಹಣ್ಣಾಗುವುದು’ ಈ ಆಟದ ಮಾತುಗಳು. ತಮಿಳಿನ ದಾಯದ ಆಟದಲ್ಲಿಯೂ ‘ಕಾಯ್’ ಕೊನೆಗೆ ‘ಪಳಂ’ ಆಗುತ್ತದೆ. ಆಟವನ್ನು ತೋಟವೊಂದರಂತೆ ಕಂಡ ಈ ಕಲ್ಪನೆ ಎರಡೂ ಭಾಷೆಗಳಿಗೆ ಸೇರಿದ್ದು.

ಅಳಗುಳಿಮಣೆ: ಏಳೇಳು ಗುಳಿಗಳ ಎರಡು ಸಾಲು, ಹುಣಿಸೆ ಬೀಜ ಅಥವಾ ಕವಡೆ. ಕರಾವಳಿಯಲ್ಲಿ ಇದು ಚೆನ್ನೆಮಣೆ, ತಮಿಳಿನಲ್ಲಿ ಪಲ್ಲಾಂಗುಳಿ. ಕನ್ನಡದ ‘ಗುಳಿ’, ತಮಿಳಿನ ‘ಕುಳಿ’ ಒಂದೇ ಬೇರಿನ ಪದಗಳು. ಕುಂಟೆಬಿಲ್ಲೆಗೆ ತಮಿಳಿನಲ್ಲಿ ‘ನೊಂಡಿ’ ಎನ್ನುತ್ತಾರೆ. ಇಲ್ಲಿ ಪದಗಳು ಬೇರೆ, ಒಂಟಿಕಾಲಿನ ಕುಂಟಾಟವೆಂಬ ಅರ್ಥ ಒಂದೇ. 2006ರ ತಮಿಳು ಕಲಿಕಾ ಕಾಯಿದೆಯ ಬಳಿಕ ಮಕ್ಕಳು ಶಾಲೆಯಲ್ಲಿ ತಮಿಳನ್ನೂ ಕಲಿಯುತ್ತಿರುವುದರಿಂದ ಈ ಹೋಲಿಕೆ ಅವರಿಗೆ ಸುಲಭ.

ರೇಡಿಯೊ: 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. ಆ ಕೇಂದ್ರವು ‘ಆಕಾಶವಾಣಿ’ ಎಂದು ಹೆಸರಾಯಿತು. ರಾಜ್ಯದ ಗಡಿರೇಖೆ ಬಾನುಲಿಯ ಅಲೆಗಳನ್ನು ತಡೆಯಲಾರದು. ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ವರ್ಷವರ್ಷವೂ ಹಣ ಕಟ್ಟಿ ಲೈಸೆನ್ಸ್ ಪಡೆಯಬೇಕಾಗಿತ್ತು. 1980ರ ದಶಕದಲ್ಲಿ ಆ ಕ್ರಮ ರದ್ದಾಯಿತು. ಹಳೆಯ ಲೈಸೆನ್ಸ್ ಪುಸ್ತಕ ಯಾರ ಮನೆಯಲ್ಲಾದರೂ ಉಳಿದಿದ್ದರೆ ಅದೇ ಒಂದು ಓದುವ ಪಾಠ.

ತರಗತಿಯ ಕಾರ್ಯ

ಮೊದಲನೆಯ ಅವಧಿ: ಮಕ್ಕಳು ಮನೆಯ ಹಿರಿಯರೊಬ್ಬರನ್ನು ಮೊದಲೇ ಕೇಳಿಕೊಂಡು ಬರಬೇಕಾದ ಪ್ರಶ್ನೆಗಳು ಇವು. ಯಾವ ಆಟ, ಯಾರ ಜೊತೆ? ಆಟದ ಸಾಮಾನನ್ನು ಯಾರು ಮಾಡಿಕೊಟ್ಟರು? ಗೆದ್ದಾಗ, ಸೋತಾಗ, ಜಗಳವಾದಾಗ ಏನೆಂದು ಕೂಗುತ್ತಿದ್ದರು? ಊರಿನಲ್ಲಿ ರೇಡಿಯೊ ಮೊದಲು ಯಾರ ಮನೆಗೆ ಬಂತು, ಅಲ್ಲಿ ಯಾರು ಯಾರು ಕುಳಿತು ಕೇಳಬಹುದಾಗಿತ್ತು? ಆಡಬೇಕೆಂದರೂ ಆಡಲಾಗದ ದಿನಗಳು ಯಾವುವು, ಏಕೆ? ಅಜ್ಜಿಯನ್ನು ‘ನೀನು’ ಎಂದು ಮಾತನಾಡಿಸುವ ಮಗುವನ್ನು ತಿದ್ದಬೇಕಾಗಿಲ್ಲ. ಕೇಳಿದ ಮಾತನ್ನು ಕೇಳಿದ ರೂಪದಲ್ಲಿಯೇ ಬರೆದುಕೊಳ್ಳಲಿ. ಗ್ರಂಥಸ್ಥ ರೂಪವನ್ನು ಕಪ್ಪುಹಲಗೆಯ ಮೇಲೆ ಅದರ ಪಕ್ಕದಲ್ಲಿ ಬರೆದರೆ ಸಾಕು.

ಎರಡನೆಯ ಅವಧಿ: ಆಟವನ್ನು ಆಡಿಸಬೇಕು. ಸಾಧ್ಯವಾದರೆ ಅಜ್ಜಿಯೊಬ್ಬರನ್ನು ಶಾಲೆಗೆ ಕರೆಯಬೇಕು. ಅವರ ಮಾತಿನಲ್ಲಿರುವ ಕ್ರಿಯಾಪದಗಳನ್ನು ಮಕ್ಕಳು ಪಟ್ಟಿ ಮಾಡಲಿ.

ಮೂರನೆಯ ಅವಧಿ: ಪ್ರತಿ ಗುಂಪೂ ಒಂದು ಆಟದ ನಿಯಮಗಳನ್ನು ವಿಧ್ಯರ್ಥದ ವಾಕ್ಯಗಳಲ್ಲಿ ಬರೆಯಬೇಕು: ಕವಡೆ ಎಸೆಯಿರಿ, ಕಾಯಿ ನಡೆಸಿರಿ, ಎಂಬಂತೆ.

ಶಿಕ್ಷಕರ ಗಮನಕ್ಕೆ

ಕೊನೆಯ ಪ್ರಶ್ನೆಯನ್ನು ಬಿಡಬಾರದು. ದನ ಕಾಯುವ ಕೆಲಸ, ತಮ್ಮ ತಂಗಿಯರನ್ನು ಎತ್ತಿಕೊಳ್ಳುವ ಹೊಣೆ, ಹೆಣ್ಣುಮಕ್ಕಳಿಗೆ ಬೇಗ ಮುಗಿದುಹೋಗುತ್ತಿದ್ದ ಆಟದ ವಯಸ್ಸು ಇವೂ ಹಿಂದಿನ ಬಾಲ್ಯದ ಭಾಗಗಳೇ. ರೇಡಿಯೊ ಇದ್ದ ಮನೆಯ ಜಗುಲಿಗೆ ಎಲ್ಲರಿಗೂ ಸಮಾನ ಪ್ರವೇಶವಿತ್ತೆಂದು ಊಹಿಸಿಕೊಳ್ಳಬಾರದು. ಹಿಂದಿನ ಕಾಲವೆಲ್ಲ ಒಳ್ಳೆಯದೆಂದು ಮೊದಲೇ ತೀರ್ಪು ನೀಡಿದರೆ ಮಗು ಕೇಳುವುದನ್ನು ನಿಲ್ಲಿಸುತ್ತದೆ, ಅಜ್ಜಿಯೂ ನಿಜ ಹೇಳುವುದನ್ನು ನಿಲ್ಲಿಸುತ್ತಾರೆ. ಮೊಬೈಲನ್ನು ನಿಂದಿಸುವ ಅಗತ್ಯವೂ ಇಲ್ಲ. ಹಿರಿಯರ ಒಪ್ಪಿಗೆ ಪಡೆದು ಅವರ ಧ್ವನಿಯನ್ನು ಮುದ್ರಿಸಿಡಲು ಅದೇ ಸಾಧನ.

ಮೌಲ್ಯಮಾಪನ

ಗುಂಪುಗಳು ಬರಹವನ್ನು ಅದಲು ಬದಲು ಮಾಡಿಕೊಂಡು, ಓದಿದಷ್ಟನ್ನೇ ಆಧರಿಸಿ ಆಡಬೇಕು. ಬರೆದವರು ಬಾಯಿ ತೆರೆಯಬಾರದು. ಆಟ ಎಲ್ಲಿ ನಿಲ್ಲುವುದೋ ಅಲ್ಲಿ ವಾಕ್ಯವೊಂದು ಕಡಿಮೆಯಾಗಿದೆ ಎಂದರ್ಥ. ಅದನ್ನು ಮಕ್ಕಳೇ ತುಂಬಲಿ. ಸಂಗ್ರಹಿಸಿದ ಪದಗಳನ್ನು ಒಂದು ಪುಸ್ತಕದಲ್ಲಿ ಬರೆದು, ಹೇಳಿದವರ ಊರನ್ನು ಗುರುತಿಸಿ, ಶಾಲೆಯಲ್ಲಿ ಇಡಬೇಕು. ಮುಂದಿನ ವರ್ಷದ ಮಕ್ಕಳು ಅಲ್ಲಿಂದ ಮುಂದಕ್ಕೆ ಬರೆಯುತ್ತಾರೆ.